ಮೂರು ಎಣಿಸುವಷ್ಟರಲ್ಲಿ

ಗೋಡೆ ಕಪ್ಪು, ನೆಲ ಕಪ್ಪು, ತಲೆ ಎತ್ತಿ ನೋಡಿದರೆ ತಾರಸಿಯೂ ಕಪ್ಪು. ಕಿಟಕಿ ಒಂದೂ ಇಲ್ಲ. ಆ ಕೋಣೆಯ ನೆಲದ ಮೇಲೆ ಹದಿನಾಲ್ಕು ಹುಡುಗ ಹುಡುಗಿಯರು ಬೂಟು ಕಳಚಿಟ್ಟು, ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡಿದ್ದರು. ನಮ್ಮ ಕಡೆ ಹೀಗೆ ಮಲಗಿದವರ ತಲೆಯ ಹತ್ತಿರ ಊದಿನಕಡ್ಡಿ ಹಚ್ಚಿಡುತ್ತಾರೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬಿಳಿ ಕೂದಲಿನ ಹೆಂಗಸೊಬ್ಬರು ಬರಿಗಾಲಲ್ಲಿ ಅವರ ನಡುವೆ ಓಡಾಡುತ್ತಿದ್ದರು. ನನ್ನನ್ನು ಕಂಡು ನಕ್ಕು, ಖಾಲಿ ಇದ್ದ ಒಂದು ಜಾಗ ತೋರಿಸಿ, ನೀನೂ ಮಲಗು ಎಂದರು.

ಮಲಗಿದೆ. ಇನ್ನು ಹತ್ತು ನಿಮಿಷ ಯಾರೂ ಮಾತಾಡಬೇಡಿ ಎಂದರು. ಯಾರೂ ಮಾತಾಡಲಿಲ್ಲ. ನನಗೆ ಗೊತ್ತಿಲ್ಲದೆಯೇ ಒಳಗೊಳಗೆ ಎಣಿಸತೊಡಗಿದೆ: ಒಂದು, ಎರಡು, ಮೂರು. ಮೂರು ದಾಟಿದ್ದೇ ತಡ ಎದೆ ಢವಢವ ಹೊಡೆದುಕೊಂಡಿತು. ಎಲ್ಲೋ ಏನೋ ತಪ್ಪಿದೆ, ಯಾರೋ ಮಾತು ಮರೆತು ನಿಂತಿದ್ದಾರೆ, ತಪ್ಪು ನನ್ನದೇ ಎನ್ನಿಸಿತು. ಹತ್ತು ನಿಮಿಷ ಮುಗಿದಾಗ ನನ್ನ ಬೆನ್ನು ಬೆವರಿನಿಂದ ತೊಯ್ದಿತ್ತು. ಹೊರಗೆ ಜನ ಕೋಟಿನ ಮೇಲೆ ಕೋಟು ಹಾಕಿಕೊಂಡು ನಡುಗುತ್ತಿದ್ದ ದಿನ ಅದು.

ನಾನು ಇಂಡಿ ತಾಲ್ಲೂಕಿನವಳು, ಹೆಸರು ನೀಲಾ. ಹಲಸಂಗಿ ರಸ್ತೆಯಲ್ಲಿ ಟೆಂಪೋ ಇಳಿದು, ಲಿಂಬೆ ತೋಟದ ಬದುವಿನ ಮೇಲೆ ಹತ್ತು ನಿಮಿಷ ನಡೆದರೆ ನಮ್ಮೂರು. ಆ ಟೆಂಪೋ ಓಡಿಸುತ್ತಿದ್ದವನು ನಮ್ಮಪ್ಪನೇ. ಅವ್ವ ವಿಜಯಪುರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಇಂಗ್ಲೆಂಡಿನಲ್ಲಿ ನರ್ಸುಗಳು ಬೇಕಂತೆ ಎಂದು ಕೇಳಿ, ಓದಿ, ಪರೀಕ್ಷೆ ಕೊಟ್ಟು, ಆ ದೇಶದ ಈಶಾನ್ಯ ಮೂಲೆಯಲ್ಲಿರುವ ಸಂಡರ್‌ಲ್ಯಾಂಡ್ ಎಂಬ ಬಂದರು ಪಟ್ಟಣಕ್ಕೆ ಬಂದಳು. ಒಂದು ವರ್ಷದ ಮೇಲೆ ಅಪ್ಪ ಟೆಂಪೋ ಮಾರಿದ, ನಾನು ಹತ್ತನೇ ಇಯತ್ತೆ ಮುಗಿಸಿದೆ, ಇಬ್ಬರೂ ಅವಳ ಹಿಂದೆ ಹೊರಟೆವು. ಅಪ್ಪನಿಗೆ ಕಾರಿನ ಬಿಡಿಭಾಗಗಳ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ ಸಿಕ್ಕಿತು.

ಇಲ್ಲಿ ಮನೆಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿವೆ. ಎಲ್ಲವೂ ಕೆಂಪು ಇಟ್ಟಿಗೆ, ಎಲ್ಲಕ್ಕೂ ಒಂದೇ ಅಳತೆಯ ಬಾಗಿಲು. ಮೊದಲ ತಿಂಗಳು ನಾನು ಎರಡು ಸಲ ಬೇರೆಯವರ ಬಾಗಿಲಿಗೆ ಬೀಗದ ಕೈ ಹಾಕಿ ತಿರುವಿದ್ದೇನೆ. ಗೋಡೆ ಎಷ್ಟು ತೆಳು ಎಂದರೆ ಪಕ್ಕದ ಮನೆಯ ಮುದುಕಿ ಕೆಮ್ಮಿದರೆ ನಮ್ಮ ಅಡುಗೆಮನೆಯಲ್ಲಿ ಕೇಳಿಸುತ್ತದೆ. ಆದರೂ ಒಬ್ಬರಿಗೊಬ್ಬರು ಮಾತಿಲ್ಲ. ನಮ್ಮೂರಲ್ಲಿ ಮನೆಯಿಂದ ಮನೆಗೆ ಒಂದು ಫರ್ಲಾಂಗ್ ದೂರವಿದ್ದರೂ ಸಾರಿಗೆ ಉಪ್ಪು ಹಾಕಿದಿರೋ ಇಲ್ಲವೋ ಎಂದು ಕೂಗಿ ಕೇಳುತ್ತಾರೆ.

ಬಂದ ಹೊಸದರಲ್ಲಿ ಒಂದು ಭಾನುವಾರ ಅಪ್ಪ ಹಿತ್ತಲಲ್ಲಿ ನಿಂತು ತನ್ನ ಹಳೆಯ ನಾಟಕದ ಮಾತನ್ನು ನೆನಪಿದ್ದಷ್ಟು ಹೇಳಿಕೊಳ್ಳುತ್ತಿದ್ದ. ತಮ್ಮನನ್ನು ಮನೆಯಿಂದ ಹೊರಗೆ ಹಾಕುವ ಅಣ್ಣನ ಪಾತ್ರ ಅದು. ಎದೆ ಬಡಿದುಕೊಂಡು ಕೂಗುವ ಜಾಗ ಬಂದಾಗ ಕೂಗಿದ. ಐದು ನಿಮಿಷಕ್ಕೆ ಬಾಗಿಲು ಬಡಿಯಿತು. ಪಕ್ಕದ ಮುದುಕಿ ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು. "ಎಲ್ಲ ಸರಿಯಿದೆಯಾ, ಪೆಟ್? ಪೊಲೀಸರಿಗೆ ಫೋನ್ ಮಾಡಲಾ?" ಎಂದು ನನ್ನನ್ನು ಕೇಳಿದಳು. ಪೆಟ್ ಎಂದರೆ ಈ ಸೀಮೆಯಲ್ಲಿ ನಾವು ತಂಗಿ, ಯವ್ವಾ ಅಂದ ಹಾಗೆ. ಆಗ ನನಗೆ ಅದು ಗೊತ್ತಿರಲಿಲ್ಲ. ನಾಯಿಮರಿಗೆ ಅನ್ನುವ ಮಾತು ನನಗೆ ಅಂದಳಲ್ಲ ಎಂದುಕೊಂಡೆ. ಪೊಲೀಸ್ ಎಂಬ ಒಂದೇ ಶಬ್ದ ಅಪ್ಪನಿಗೂ ತಿಳಿಯಿತು. ಕೈಮುಗಿದು ನಿಂತುಬಿಟ್ಟ.

ಅವತ್ತಿನಿಂದ ಅಪ್ಪ ಹಿತ್ತಲಲ್ಲಿ ದನಿ ಎತ್ತಲಿಲ್ಲ. ಹಿತ್ತಲಲ್ಲೇ ಏನು, ಎಲ್ಲೂ ಎತ್ತಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನೇ ಅನ್ನುತ್ತಿದ್ದ. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಬಸ್ಸಿನ ಡ್ರೈವರನ ಮುಂದೆ, ಎಲ್ಲೆಂದರಲ್ಲಿ ನಾನು ಅವನ ಬೆನ್ನ ಹಿಂದೆ ಅರ್ಧ ಹೆಜ್ಜೆ ಸರಿದು ನಿಂತು, ಅವನು ಹೇಳಬೇಕಾದ ಇಂಗ್ಲಿಷನ್ನು ಕಿವಿಯಲ್ಲಿ ಹೇಳಿಕೊಡುತ್ತಿದ್ದೆ. ಅವನು ಅದನ್ನು ತನ್ನ ದೊಡ್ಡ ಗಂಟಲು ತಗ್ಗಿಸಿ ತಿರುಗಿ ಹೇಳುತ್ತಿದ್ದ. ನೋಡಿದವರಿಗೆ ವಿಚಿತ್ರ ಅನ್ನಿಸುತ್ತಿತ್ತು. ನಮಗೆ ಇದು ಹೊಸದೇನಲ್ಲ. ನಾನು ಒಂಬತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಬಾಯಿಗೆ ಮಾತು ಎತ್ತಿಕೊಡುವುದೇ ನನ್ನ ಕೆಲಸ.

ನಾಟಕ ಅಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಪರದೆಯ ಹಿಂದಿನ ಸಂಗತಿ ಮುಂದೆ ಕೂತವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಮ್ಮೂರ ನಾಟಕ ಸಂಘದಲ್ಲಿ ಒಬ್ಬನೂ ಮಾತು ಬಾಯಿಪಾಠ ಮಾಡುತ್ತಿರಲಿಲ್ಲ. ಟೆಂಪೋ ಓಡಿಸುವವರು, ತೋಟಕ್ಕೆ ನೀರು ಹಾಯಿಸುವವರು, ಕಿರಾಣಿ ಅಂಗಡಿಯವರು. ಅಷ್ಟುದ್ದ ಮಾತು ಕಲಿಯಲು ಯಾರಿಗೆ ಪುರಸೊತ್ತು? ಹಾಡು ಕಲಿತಿರುತ್ತಿದ್ದರು, ಕಥೆ ಗೊತ್ತಿರುತ್ತಿತ್ತು. ಮಾತು ಮಾತ್ರ ಪರದೆಯ ಸಂದಿಯಿಂದ ಬರಬೇಕು. ಅಲ್ಲಿ ಒಬ್ಬರು ಪುಸ್ತಕ ಹಿಡಿದು ನಿಂತು ಸಾಲಿನ ಮೊದಲ ನಾಲ್ಕು ಶಬ್ದ ಎತ್ತಿಕೊಟ್ಟರೆ ಉಳಿದದ್ದು ನಟನ ಹೊಣೆ.

ಆ ಕೆಲಸ ಹುಸೇನಸಾಬರದಾಗಿತ್ತು. ಅವರು ಪೇಟಿ ಮಾಸ್ತರರು. ಪೇಟಿ ಅಂದರೆ ಹಾರ್ಮೋನಿಯಂ. ಕೈ ಪೇಟಿಯ ಮೇಲೆ, ಕಣ್ಣು ಪುಸ್ತಕದ ಮೇಲೆ ಇಟ್ಟು ಇಡೀ ನಾಟಕ ನಡೆಸುತ್ತಿದ್ದವರಿಗೆ ಕಣ್ಣು ಮಂಜಾಗತೊಡಗಿತು. ಸಾಲಿಯಲ್ಲಿ ನಾನು ಗಡಗಡ ಓದುತ್ತೇನೆಂದು ಯಾರೋ ಹೇಳಿದರು. ಹೆಣ್ಣುಮಕ್ಕಳು ರಂಗದ ಮೇಲೆ ಬರುವ ಪದ್ಧತಿ ನಮ್ಮೂರಲ್ಲಿಲ್ಲ. ನಾಯಕಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಪರದೆಯ ಹಿಂದೆ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ ಎಂದು ಅಪ್ಪ ಒಪ್ಪಿದ. ಹೀಗೆ ನಾನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳನ್ನೆಲ್ಲ ಪರದೆಯ ಒಂದು ಸಂದಿಯಿಂದ ನೋಡಿದೆ.

ಮೊದಲ ದಿನ ತಾಲೀಮಿನಲ್ಲಿ ಹುಸೇನ ಕಾಕಾ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ್ದರು. "ಕೇಳವಾ, ನಟ ಅಂದ್ರ ಬಾವ್ಯಾಗ ಇಳದಾಂವ ಇದ್ದಂಗ. ಹಗ್ಗ ನಿನ್ನ ಕೈಯಾಗ ಐತಿ. ಮೂರು ಎಣಸೂದ್ರಾಗ ಅವನ ಬಾಯಿಂದ ಮಾತು ಬರಲಿಲ್ಲಂದ್ರ ಹಗ್ಗ ಇಳಿಬಿಡು. ನಾಕಕ್ಕ ಹೋತಂದ್ರ ಮಂದಿ ಸೀಟಿ ಹೊಡೀತಾರ. ಐದಕ್ಕ ನಾಟಕ ಸತ್ತಂಗ."

"ಅಂವ ಸುಮ್ನ ಅಳಾಕತ್ತಿದ್ರರಿ, ಕಾಕಾ?"

"ಅಳೂದು ಬಾಯಿ ತೆಗದ ಅಳಬೇಕು. ಸುಮ್ನ ನಿಂತಾಂದ್ರ ಮರ್ತಾನಂತನ ತಿಳಿ."

ಊರು ಬಿಡುವ ಮೊದಲು ಈ ಪಾಠವನ್ನು ನಾನು ಒಂದೇ ಸಲ ತಪ್ಪಿದ್ದೆ. ಹನ್ನೆರಡು ವರ್ಷದವಳಿದ್ದೆ. ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತಮ್ಮನನ್ನು ಹೊರಗೆ ಹಾಕುವ ದೃಶ್ಯ ನಡೆದಿತ್ತು. ಅವನ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು. ಅದನ್ನು ನೋಡುತ್ತ ನೋಡುತ್ತ ನಾನೂ ಅತ್ತುಬಿಟ್ಟೆ, ಪುಸ್ತಕ ಮರೆತೆ. ಅಪ್ಪ ನಿಂತ. ನಿಂತೇ ಇದ್ದ. ಮೊದಲು ಒಂದು ಸೀಟಿ, ಆಮೇಲೆ ಹತ್ತು. "ಏ ಟೆಂಪೋ, ರಿವರ್ಸ್ ಹಾಕಲೇ!" ಎಂದು ಯಾರೋ ಕೂಗಿದರು. ಊರಿಗೆ ಊರೇ ಗೊಳ್ಳೆಂದು ನಕ್ಕಿತು. ಅಪ್ಪನ ಮುಖದ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಏರಿದ್ದು ನನಗೆ ಸಂದಿಯಿಂದ ಕಾಣಿಸಿತು. ಅವನು ನನ್ನನ್ನು ಬೈಯಲಿಲ್ಲ. ಇಂಡಿ ಮುಟ್ಟುವವರೆಗೆ ಟೆಂಪೋದಲ್ಲಿ ಒಂದು ಮಾತೂ ಆಡಲಿಲ್ಲ, ಅಷ್ಟೇ. ಬೈದಿದ್ದರೆ ನನ್ನ ಹೆದರಿಕೆ ಅಂದೇ ಮುಗಿಯುತ್ತಿತ್ತೇನೋ. ಅಂದಿನಿಂದ ಯಾರಾದರೂ ಮೂರು ಎಣಿಸುವಷ್ಟು ಹೊತ್ತು ಸುಮ್ಮನಾದರೆ ನನ್ನ ಕೈಕಾಲು ತಣ್ಣಗಾಗುತ್ತವೆ.

ಇಂಥವಳು ಇಂಗ್ಲೆಂಡಿನ ಕಾಲೇಜಿನಲ್ಲಿ ನಾಟಕ ತೆಗೆದುಕೊಂಡಳು ಎಂದರೆ ನೀವು ನಗಬಹುದು. ಇಲ್ಲಿ ಸಾಲಿಯ ಕೊನೆಯ ಎರಡು ವರ್ಷ, ಅಂದರೆ ನಮ್ಮ ಪಿಯುಸಿಯ ವಯಸ್ಸಿನಲ್ಲಿ, ಮೂರೇ ವಿಷಯ ಓದಿದರೆ ಸಾಕು. ಜೀವಶಾಸ್ತ್ರ, ರಸಾಯನಶಾಸ್ತ್ರ ಅವ್ವ ಆರಿಸಿದಳು. ಮೂರನೆಯದನ್ನು ಆರಿಸು ಎಂದು ನನಗೆ ಬಿಟ್ಟಳು. ಪಟ್ಟಿಯಲ್ಲಿ ನಾಟಕ ಮತ್ತು ರಂಗಭೂಮಿ ಎಂದು ಕಂಡಿತು. ಭೌತಶಾಸ್ತ್ರದ ಹಾಗೆಯೇ ಅದಕ್ಕೂ ಪುಸ್ತಕ, ಪರೀಕ್ಷೆ, ಅಂಕ ಎಲ್ಲ ಇತ್ತು. ನನಗೆ ಬರುವ ಕೆಲಸ ಇದೊಂದೇ ಎಂದು ಗುರುತು ಹಾಕಿದೆ. ಇಲ್ಲಿಯೂ ಪರದೆ ಇರುತ್ತದೆ, ಅದರ ಹಿಂದೆ ನನಗೊಂದು ಸ್ಟೂಲು ಇರುತ್ತದೆ ಎಂದೇ ನಂಬಿದ್ದೆ.

ಪರದೆಯೇ ಇರಲಿಲ್ಲ. ಆ ಕಪ್ಪು ಕೋಣೆಯಲ್ಲಿ ಹಿಂದೆ, ಮುಂದೆ ಎಂಬುದಿಲ್ಲ. ಬಿಳಿ ಕೂದಲಿನ ಟೀಚರ ಹೆಸರು ಹೆಲೆನ್. ಅವರನ್ನು ಹೆಸರು ಹಿಡಿದೇ ಕರೆಯಬೇಕಂತೆ. ನನ್ನ ನಾಲಿಗೆ ಹೊರಳಲಿಲ್ಲ, ಎರಡು ವರ್ಷವೂ ಮೇಡಂ ಎಂದೇ ಕರೆದೆ. ಮಾತು ಎತ್ತಿಕೊಡುವವರು ಎಲ್ಲಿ ನಿಲ್ಲಬೇಕು ಎಂದು ಕೇಳಿದಾಗ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಇಲ್ಲಿ ಆ ಕೆಲಸ ಇಲ್ಲ, ನೀಲಾ. ಎಲ್ಲರೂ ಮುಂದೆಯೇ ನಿಲ್ಲಬೇಕು" ಎಂದರು. ವಿಷಯ ಬದಲಿಸಲು ಅರ್ಜಿ ತಂದು ಚೀಲದಲ್ಲಿ ಇಟ್ಟುಕೊಂಡೆ. ಅದು ಆರು ತಿಂಗಳು ಚೀಲದಲ್ಲೇ ಇತ್ತು, ಚಟ್ನಿಪುಡಿಯ ಎಣ್ಣೆ ಹತ್ತಿ ಹಳದಿಯಾಯಿತು.

ಅರ್ಜಿ ಕೊಡದೆ ಉಳಿದದ್ದು ಜೆಸ್ ಎಂಬ ಹುಡುಗಿಯಿಂದ. ಮಧ್ಯಾಹ್ನ ಎಲ್ಲರೂ ಗುಂಪು ಗುಂಪಾಗಿ ಕೂತು ಉಣ್ಣುವಾಗ ನಾನು ಮೆಟ್ಟಿಲ ಕೆಳಗೆ ಮುಚ್ಚಿಟ್ಟುಕೊಂಡು ಉಣ್ಣುತ್ತಿದ್ದೆ. ರೊಟ್ಟಿ ಕಟಕಟ ಅನ್ನುತ್ತದೆ, ಬೆಳ್ಳುಳ್ಳಿ ವಾಸನೆ ಬರುತ್ತದೆ, ಯಾರು ಏನಂದಾರೋ ಎಂಬ ಭಯ. ಜೆಸ್ ಬಗ್ಗಿ ನೋಡಿ, "ನಿನ್ನ ಬೇಟ್ ಏನು?" ಎಂದಳು. ಬೇಟ್ ಅಂದರೆ ಇವರ ಆಡುಮಾತಿನಲ್ಲಿ ಬುತ್ತಿ. ಹಡಗು ಕಟ್ಟುತ್ತಿದ್ದ ತನ್ನ ಅಜ್ಜ ಬೇಟ್ ಡಬ್ಬಿ ಹಿಡಿದು ಹೋಗುತ್ತಿದ್ದ ಎಂದು ಪಕ್ಕದಲ್ಲೇ ಕೂತಳು. ನಮ್ಮ ಇಂಡಿ ಲಿಂಬೆಯ ಉಪ್ಪಿನಕಾಯಿ ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡು, "ಕ್ಯಾನಿ" ಅಂದಳು. ಚೊಲೋ ಐತಿ ಎಂದು ಅರ್ಥ. ಲಂಡನ್ನಿನವರು ಇವರ ಮಾತನ್ನು ಒರಟು, ಅವಸರ ಎಂದು ಆಡಿಕೊಳ್ಳುತ್ತಾರಂತೆ. ಬೆಂಗಳೂರಿನವರು ನಮಗೆ ಅನ್ನುವುದೂ ಅದನ್ನೇ ಎಂದು ಹೇಳಿದೆ. ಇಬ್ಬರೂ ನಕ್ಕೆವು. ಈ ದೇಶಕ್ಕೆ ಬಂದ ಮೇಲೆ ನಾನು ಹೆದರದೆ ನಕ್ಕದ್ದು ಅದೇ ಮೊದಲು.

ಎರಡನೆಯ ವರ್ಷದ ಪರೀಕ್ಷೆಗೆ ಜೋಡಿ ಮಾಡುವಾಗ ಜೆಸ್ ನನ್ನನ್ನೇ ಕೇಳಿದಳು. ಇಬ್ಬರು ಅಕ್ಕತಂಗಿಯರು ತಾಯಿಯನ್ನು ಮಣ್ಣು ಮಾಡಿ ಮನೆಗೆ ಬಂದಿದ್ದಾರೆ, ಅಡುಗೆಮನೆಯಲ್ಲಿ ಎದುರು ಬದುರು ಕೂತಿದ್ದಾರೆ, ಇಷ್ಟೇ ದೃಶ್ಯ. ಅವಳು ಅಕ್ಕ, ನಾನು ತಂಗಿ. ವಸಂತದಲ್ಲಿ ಹೊರಗಿನಿಂದ ಪರೀಕ್ಷಕರು ಬಂದು ಕೂತು ನೋಡಿ ಅಂಕ ಹಾಕುತ್ತಾರೆ. ಜೆಸ್‌ಗೆ ನಟನೆ ಕಲಿಸುವ ಒಂದು ದೊಡ್ಡ ಶಾಲೆಗೆ ಹೋಗಬೇಕಿತ್ತು. ಈ ಪರೀಕ್ಷೆಯಲ್ಲಿ ಮೇಲಿನ ದರ್ಜೆ ಬಂದರೆ ಮಾತ್ರ ಸೀಟು. ಅವಳ ಬದುಕು ನನ್ನ ಕೈಗೆ ಬಂತಲ್ಲಪ್ಪಾ ಎಂದು ನನಗೆ ಊಟ ಸೇರದಾಯಿತು.

ಡಿಸೆಂಬರಿನಲ್ಲಿ ತಂದೆತಾಯಿಯರ ಮುಂದೆ ಒಂದು ಸಲ ಆಡಿ ತೋರಿಸಬೇಕಿತ್ತು. ಅಪ್ಪನೂ ಬಂದ. ಮದುವೆಗೆ ಹಾಕುವ ಬಿಳಿ ಅಂಗಿಯ ಮೇಲೆ ಗೋದಾಮಿನ ಜಾಕೆಟ್ ಹಾಕಿ ಎರಡನೆಯ ಸಾಲಿನಲ್ಲಿ ಕೂತ. ದೃಶ್ಯ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಜೆಸ್ ಚಹಾದ ಕಪ್ಪು ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೋಟು ತರ್ತೇನೆ" ಅನ್ನಬೇಕು. ಅಷ್ಟೇ ಮಾತು. ತಾಲೀಮಿನಲ್ಲಿ ಆ ಸ್ವಲ್ಪ ಹೊತ್ತು ಸ್ವಲ್ಪವೇ ಇರುತ್ತಿತ್ತು. ಅವತ್ತು ಅವಳಿಗೆ ಏನಾಯಿತೋ, ಕಪ್ಪಿನ ಮೇಲಿನ ಬೆರಳು ನಡುಗಿತು, ತುಟಿ ತೆರೆಯಿತು, ಮಾತು ಬರಲಿಲ್ಲ. ನನಗೆ ಕಪ್ಪು ಕೋಣೆ ಹೋಯಿತು, ಬಾಗೇವಾಡಿ ಬಂತು. ಒಂದು, ಎರಡು, ಮೂರು.

"ಕೋಟು ತರ್ತೇನೆ!" ಎಂದು ನಾನು ಪಿಸುಗುಟ್ಟಿದೆ.

ನನ್ನ ಪಿಸುಮಾತು ಎಂಥದೆಂದು ನಿಮಗೆ ಹೇಳಬೇಕು. ಅದು ಪೇಟಿ, ತಬಲಾ, ಜನರೇಟರಿನ ಸದ್ದು ದಾಟಿ ರಂಗದ ಆ ತುದಿಯ ನಟನಿಗೆ ಮುಟ್ಟಲೆಂದು ಪಳಗಿಸಿದ ಪಿಸುಮಾತು. ಕೊನೆಯ ಸಾಲಿನವರಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಜೆಸ್ ಕಪ್ಪು ಇಟ್ಟು ಎದ್ದು ಹೊರಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಲ್ಲಿ ನಮ್ಮಜ್ಜಿ, ಆಯಿ, ಅನ್ನುತ್ತಿದ್ದಳು. ನಾನು ಒಂದೇ ಸಲಕ್ಕೆ ಎರಡನ್ನೂ ಮಾಡಿದ್ದೆ.

"ಅವಳು ಮರೆತಿರಲಿಲ್ಲ, ನೀಲಾ" ಎಂದರು ಹೆಲೆನ್ ಮೇಡಂ. "ಅವಳು ಅಭಿನಯಿಸುತ್ತಿದ್ದಳು. ನೀನು ಯಾಕೆ ಬಾಯಿ ಹಾಕಿದೆ?"

ಅವಳು ಸುಮ್ಮನಾದದ್ದಕ್ಕೆ ಎಂದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಮನೆಗೆ ನಡೆದು ಹೋಗುವಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಮುಖ ಹಿಗ್ಗಿನಿಂದ ಅರಳಿತ್ತು. "ಚೊಲೋ ಮಾಡಿದಿ ನೋಡವಾ! ಆ ಹುಡಗಿ ಪಾಪ ಮರ್ತ ನಿಂತಿತ್ತು. ನೀ ಮಾತು ಎತ್ತಿಕೊಟ್ಟಿ. ಇಲ್ಲಾಂದ್ರ ಮಂದಿ ನಗತಿದ್ರು."

"ಮಂದಿ ನಕ್ಕರಲ್ಲಪ್ಪಾ."

"ನಗಲಿ ಬಿಡು. ಇಲ್ಲಿ ಮಂದಿಗೆ ನಾಟಕ ತಿಳ್ಯಾಂಗಿಲ್ಲ. ಹುಸೇನಸಾಬರು ಇದ್ದಿದ್ರ ನಿನ್ನ ಬೆನ್ನು ಚಪ್ಪರಸ್ತಿದ್ರು."

ಅವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಈ ದೇಶದಲ್ಲಿ ಅವನು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಜೆಸ್ ಒಂದು ವಾರ ನನ್ನ ಹತ್ತಿರ ಸುಳಿಯಲಿಲ್ಲ. ಎಂಟನೆಯ ದಿನ ನಾನೇ ಬುತ್ತಿ ಡಬ್ಬಿ ಹಿಡಿದು ಅವಳ ಮುಂದೆ ಹೋಗಿ ನಿಂತು, ಮುರುಕು ಇಂಗ್ಲಿಷಿನಲ್ಲಿ ಬಾವಿ, ಹಗ್ಗ, ಮೂರು ಎಣಿಸುವುದು, ಟೆಂಪೋ ರಿವರ್ಸ್, ಎಲ್ಲ ಹೇಳಿದೆ. ಬೇರೆ ಜೋಡಿ ನೋಡಿಕೋ, ನನ್ನಿಂದ ನಿನ್ನ ಸೀಟು ಹೋದೀತು ಎಂದೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಾನು ಬಾಯಿ ಬಿಗಿಹಿಡಿದು ನಿಂತೆ. "ನೋಡು, ಈಗ ನೀನು ಸುಮ್ಮನೆ ನಿಂತೆಯಲ್ಲ" ಎಂದಳು. "ನಾನು ಹನ್ನೊಂದು ಎಣಿಸಿದೆ. ಅಷ್ಟೇ ಬೇಕು ನನಗೆ."

ಮೂರರಿಂದ ಹನ್ನೊಂದಕ್ಕೆ ಹೋಗುವುದು ಇಂಡಿಯಿಂದ ಇಂಗ್ಲೆಂಡಿಗೆ ಹೋದದ್ದಕ್ಕಿಂತ ದೂರದ ದಾರಿಯಾಯಿತು. ಮನೆಯಲ್ಲಿ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಇಬ್ಬರ ಮುಂದೆಯೂ ಚಹಾ, ಯಾರೂ ಮಾತಾಡಬಾರದು. ಅಪ್ಪನಿಗೆ ಐದರ ಮೇಲೆ ತಡೆಯಲಾಗುತ್ತಿರಲಿಲ್ಲ. "ಏನವಾ ಇದು, ಮಣ್ಣಿಗೆ ಹೋಗಿ ಬಂದವರಂಗ ಕುಂದ್ರೂದು?" ಎಂದು ಎದ್ದುಬಿಡುತ್ತಿದ್ದ. ನಾನು ಕೂತೇ ಇರುತ್ತಿದ್ದೆ. ಎಂಟರ ಹತ್ತಿರ ಬೆವರು ಬರುತ್ತಿತ್ತು. ಒಂಬತ್ತರಲ್ಲಿ ಪಕ್ಕದ ಮುದುಕಿಯ ಕೆಮ್ಮು ಕೇಳಿಸಿದರೆ ದೇವರೇ ಕಾಪಾಡಿದ ಹಾಗಾಗುತ್ತಿತ್ತು. ದಿನ ಕಳೆದಂತೆ ಅದರೊಳಗೆ ಬೇರೆ ಏನೇನೋ ಕಾಣತೊಡಗಿತು. ಚಹಾದ ಮೇಲೆ ಕಟ್ಟುವ ಕೆನೆ. ಅಪ್ಪನ ಬೆರಳಿನ ಗಂಟುಗಳು ಇಲ್ಲಿಯ ಚಳಿಗೆ ಬಾತಿದ್ದವು. ಅದನ್ನು ನಾನು ಮೊದಲು ನೋಡಿರಲೇ ಇಲ್ಲ, ಯಾಕೆಂದರೆ ಸದಾ ಅವನ ಹಿಂದೆಯೇ ನಿಂತಿರುತ್ತಿದ್ದೆ.

ಪರೀಕ್ಷೆಯ ದಿನ ಪರೀಕ್ಷಕರು ಒಬ್ಬರೇ, ಕನ್ನಡಕದ ಗಂಡಸು, ಮೊಣಕಾಲ ಮೇಲೆ ಕಾಗದ. ಜೆಸ್ ಚಹಾದ ಕಪ್ಪು ಹಿಡಿದಳು. ಒಂದು, ಎರಡು, ಮೂರು. ನನ್ನ ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿತು. ನಾಲ್ಕು. ಸೀಟಿ ಬೀಳಲಿಲ್ಲ. ಐದು. ನಾಟಕ ಸಾಯಲಿಲ್ಲ. ಆರರಲ್ಲಿ ಜೆಸ್‌ಳ ಕಣ್ಣು ತುಂಬಿದವು. ಏಳರಲ್ಲಿ ನನ್ನವೂ. ಹೆದರಿಕೆ ಹೋಗಿರಲಿಲ್ಲ, ನನ್ನ ಜೊತೆಯಲ್ಲೇ ಕುರ್ಚಿಯಲ್ಲಿ ಕೂತಿತ್ತು. ಹನ್ನೊಂದರ ಮೇಲೆ ಅವಳು, "ಕೋಟು ತರ್ತೇನೆ" ಎಂದು ಎದ್ದಳು. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಹೊರಗೆ ಬಂದು ಇಬ್ಬರೂ ಅಪ್ಪಿಕೊಂಡು ಅತ್ತೆವು. ಬಾಯಿ ತೆಗೆದೇ ಅತ್ತೆವು, ಹುಸೇನ ಕಾಕಾ ಹೇಳಿದ ಹಾಗೆ.

ಆಗಸ್ಟಿನಲ್ಲಿ ಫಲಿತಾಂಶ ಬರುವ ಹೊತ್ತಿಗೆ ನಾವು ಊರಲ್ಲಿದ್ದೆವು. ಅವ್ವನಿಗೆ ಮೂರು ವಾರ ರಜೆ ಸಿಕ್ಕಿತ್ತು. ಜೆಸ್ ಫೋನಿನಲ್ಲಿ ಕಿರುಚಿದಳು. ಅವಳಿಗೆ ಸೀಟು ಸಿಕ್ಕಿತ್ತು. ನನ್ನ ಅಂಕವೂ ಕೆಟ್ಟದ್ದಿರಲಿಲ್ಲ. ಆದರೆ ಊರಲ್ಲಿ ಆ ಸುದ್ದಿ ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಆಗಸ್ಟ್ ಹದಿನೈದರ ಸಂಜೆ ಸಾಲಿಯ ಅಂಗಳದಲ್ಲಿ ಸಂಘದ ನಾಟಕ ಎಂದು ಗೊತ್ತಾಗಿತ್ತು. ಅಪ್ಪ ಬಂದಿದ್ದಾನೆ ಎಂದರೆ ಅಣ್ಣನ ಪಾತ್ರ ಬೇರೆ ಯಾರಿಗೆ ಹೋದೀತು? ಎರಡು ವರ್ಷ ಮುಚ್ಚಿದ್ದ ಬಾಯಿ ತೆರೆದಿತ್ತು. ಮನೆಗೆ ಬಂದವರ ಜೊತೆಯೆಲ್ಲ ಅವನು ರಂಗದ ಮೇಲಿನ ದನಿಯಲ್ಲೇ ಮಾತಾಡುತ್ತಿದ್ದ. ಅವನ ಹಿಂದೆ ಯಾರೂ ನಿಲ್ಲಬೇಕಿರಲಿಲ್ಲ. ನನಗೆ ಸಂತೋಷವೂ ಆಯಿತು, ಯಾಕೋ ಕೈ ಬರಿದಾದ ಹಾಗೂ ಆಯಿತು.

ಹುಸೇನ ಕಾಕಾನ ಕಣ್ಣು ಈಗ ಪೂರಾ ಮಂಜು. ನನ್ನ ದನಿ ಹಿಡಿದು ತಲೆ ಮುಟ್ಟಿ ನೋಡಿದರು. "ಬಂದೇನವಾ? ನೀ ಹೋದಮ್ಯಾಗ ಆ ಅಂಗಡಿ ಹುಡಗ ಪುಸ್ತಕ ಹಿಡೀತಿದ್ದ. ಅಂವಂದು ನಾಲಿಗಿನ ಹೊಳ್ಳಾಂಗಿಲ್ಲ. ಇವತ್ತ ನೀನ ಹಿಡಿ."

"ಹೂಂರಿ ಕಾಕಾ."

"ಲೆಕ್ಕ ನೆನಪೈತಿಲ್ಲೋ?"

"ಐತ್ರಿ" ಎಂದೆ. ಮೂರು.

ಪರದೆಯ ಹಿಂದೆ ಅದೇ ಸ್ಟೂಲು, ಅದೇ ಸೀಮೆಎಣ್ಣೆ ಮತ್ತು ಪೌಡರಿನ ವಾಸನೆ. ಕಾಕಾ ಪಕ್ಕದಲ್ಲಿ ಪೇಟಿ ಇಟ್ಟುಕೊಂಡರು. ಸಂದಿಯಿಂದ ನೋಡಿದರೆ ಮುಂದೆ ಚಾಪೆ ಹಾಸಿಕೊಂಡು ಮಕ್ಕಳು, ಅವರ ಹಿಂದೆ ಹೆಣ್ಣುಮಕ್ಕಳು, ಕಟ್ಟೆಯ ಮೇಲೆ ಗಂಡಸರು. ಮನೆಗೆ ಬಂದೆ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಆಗಲೇ. ಮೊದಲ ಅಂಕದಲ್ಲಿ ಎಲ್ಲ ಸುಸೂತ್ರ. ನಾನು ನಾಲ್ಕು ಶಬ್ದ ಎತ್ತಿಕೊಡುವುದು, ಅಪ್ಪ ಅದನ್ನು ಹಿಡಿದು ಚಪ್ಪಾಳೆ ಗಿಟ್ಟಿಸುವುದು. ಹೆದರಿಕೆ ಎಂಬುದು ಇಂಗ್ಲೆಂಡಿನಲ್ಲೇ ಉಳಿಯಿತು ಎಂದುಕೊಂಡೆ.

ತಮ್ಮನನ್ನು ಹೊರಗೆ ಹಾಕುವ ದೃಶ್ಯ ಬಂತು. ತಮ್ಮ ಗಂಟು ಹಿಡಿದು ಬಾಗಿಲ ಕಡೆ ಹೊರಟ. ಅಪ್ಪ ನಡುರಂಗದಲ್ಲಿ ನಿಂತು ಅವನನ್ನೇ ನೋಡಿದ. ಕೈ ಅರ್ಧ ಎತ್ತಿದ, ಕೈ ನಡುಗಿತು, ತುಟಿ ತೆರೆಯಿತು, ಮಾತು ಬರಲಿಲ್ಲ.

ಪುಸ್ತಕ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಸಾಲು ಕಣ್ಣ ಮುಂದೆಯೇ ಇತ್ತು. ಈ ಸಲ ನಾನು ಏನನ್ನೂ ಮರೆತಿರಲಿಲ್ಲ. ಆದರೆ ಆ ನಡುಗುವ ಕೈಯನ್ನು ನೋಡಿ, ಅಪ್ಪ ಅಭಿನಯಿಸುತ್ತಿದ್ದಾನೆ, ಇಷ್ಟು ವರ್ಷದ ಮೇಲೆ ಇವತ್ತು ನಿಜವಾಗಿ ಅಭಿನಯಿಸುತ್ತಿದ್ದಾನೆ ಎನ್ನಿಸಿತು. ಮುಂದಿನ ಚಾಪೆಯ ಮಕ್ಕಳೂ ಸುಮ್ಮನಾಗಿದ್ದರು. ಎಷ್ಟು ಚೆಂದದ ಮೌನ! ಇದನ್ನು ಒಡೆದರೆ ಪಾಪ ಬರುತ್ತದೆ ಎಂದು ನಾಲಿಗೆ ಕಚ್ಚಿ ಹಿಡಿದೆ. ನಾಲ್ಕು. ಐದು. ಕಾಕಾನ ಬೆರಳು ಪೇಟಿಯ ಮೇಲೆ ನಿಂತು, ಅವರ ಮಂಜುಗಣ್ಣು ನನ್ನ ಕಡೆ ಹೊರಳಿತು. ಆರು. ಹಿಂದೆ ಕಟ್ಟೆಯ ಮೇಲಿನಿಂದ ಒಂದು ಸೀಟಿ ಬಿತ್ತು. ಏಳು. ಅಪ್ಪನ ಕುತ್ತಿಗೆಯ ಮೇಲೆ ಬಣ್ಣ ಕರಗಿ ಬೆವರು ಇಳಿಯುವುದು ಕಾಣಿಸಿತು. ಆಗ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಅಪ್ಪ ಮುಖವನ್ನು ಪ್ರೇಕ್ಷಕರ ಕಡೆಗೇ ಇಟ್ಟುಕೊಂಡು, ಕಣ್ಣನ್ನು ಮಾತ್ರ ಪರದೆಯ ಸಂದಿಗೆ ಹೊರಳಿಸಿ, ಸಂಡರ್‌ಲ್ಯಾಂಡಿನ ಬ್ಯಾಂಕಿನಲ್ಲಿ ನನ್ನನ್ನು ಹುಡುಕುತ್ತಿದ್ದ ಅದೇ ಸಣ್ಣ ದನಿಯಲ್ಲಿ ಕೇಳಿದ.

"ಎಲ್ಲಿ ಅದೀಯವಾ?"

ಮುಂದಿನ ಚಾಪೆಯ ಮಕ್ಕಳು ಕಿಸಕ್ಕೆಂದು ನಕ್ಕವು. ಕಾಕಾ ನನ್ನ ತೋಳು ಹಿಡಿದು ಅಲುಗಿಸಿದರು. "ಹೋಗು ತಮ್ಮಾ, ಆದರೆ ಬಾಗಿಲು ಹಾಕಿಕೊಂಡು ಹೋಗಬೇಡ" ಎಂದು ನಾನು ಸಾಲನ್ನು ಪೂರ್ತಿಯಾಗಿ, ಒಂದೇ ಉಸಿರಿಗೆ ಎತ್ತಿಕೊಟ್ಟೆ. ಅಪ್ಪ ಅದನ್ನು ಎದೆ ಬಡಿದುಕೊಂಡು ಹೇಳಿದ. ಊರು ಚಪ್ಪಾಳೆ ಹೊಡೆಯಿತು, ನಾಟಕ ಮುಂದೆ ನಡೆಯಿತು.

ಇದನ್ನು ನಾನು ಬರೆಯುತ್ತಿರುವುದು ಮತ್ತೆ ಸಂಡರ್‌ಲ್ಯಾಂಡಿನಲ್ಲಿ ಕೂತು. ಅಪ್ಪ ಆ ಸಂಜೆಯ ಬಗ್ಗೆ ನನ್ನನ್ನು ಏನೂ ಕೇಳಿಲ್ಲ, ಬೈದೂ ಇಲ್ಲ. ನಾಳೆ ಬ್ಯಾಂಕಿನಲ್ಲಿ ಏನೋ ಕೆಲಸವಿದೆ, ಬರ್ತೀಯಿಲ್ಲೋ ಎಂದಷ್ಟೇ ಈಗ ಕೇಳಿ ಹೋದ. ಬರುತ್ತೇನೆ ಎಂದೆ. ಹೋಗುತ್ತೇನೆ, ಹಿಂದೆ ಅರ್ಧ ಹೆಜ್ಜೆ ಸರಿದು ನಿಲ್ಲುತ್ತೇನೆ. ಅವನು ಸುಮ್ಮನಾದಾಗ ಮೂರು ಎಣಿಸಬೇಕೋ ಹನ್ನೊಂದೋ ಎಂದು ಈಗಿನಿಂದಲೇ ಭಯವಾಗುತ್ತಿದೆ. ಅವತ್ತು ಅಪ್ಪ ಕೇಳಿದ್ದಕ್ಕೆ ಇಲ್ಲೇ ಅದೇನಿ ಅಪ್ಪಾ ಎಂದು ಮೊದಲು ಹೇಳಬೇಕಿತ್ತು. ಆ ಒಂದು ಮಾತು ನನಗೆ ಎತ್ತಿಕೊಡಲು ನನ್ನ ಹಿಂದೆ ಯಾರೂ ಇರಲಿಲ್ಲ.